ಸಿಎನ್‌ಜಿ ತಗೊಳ್ಳಲಾ, ಎಲೆಕ್ಟ್ರಿಕ್ ತಗೊಳ್ಳಲಾ? ದಿನಾ ನೆಲಮಂಗಲ–ಪೀಣ್ಯ, ತಿಂಗಳಿಗೊಮ್ಮೆ ಪುತ್ತೂರು

ಪುತ್ತೂರು_ನೆಲಮಂಗಲ:

ಎಲ್ಲರಿಗೂ ನಮಸ್ಕಾರ. ಹಳೇ ಪೆಟ್ರೋಲ್ ಕಾರು ಮಾರಿ ಹೊಸದು ತಗೊಳ್ಳಬೇಕು ಅಂತ ಯುಗಾದಿಯಿಂದ ಮನೆಯಲ್ಲಿ ಚರ್ಚೆ ನಡೆದಿದೆ. ಮತ್ತೆ ಪೆಟ್ರೋಲ್ ಬೇಡ ಅನ್ನುವುದು ಮಾತ್ರ ತೀರ್ಮಾನ ಆಗಿದೆ. ಉಳಿದಿದ್ದು ಎರಡು ದಾರಿ. ಕಂಪನಿಯಿಂದಲೇ ಸಿಎನ್‌ಜಿ (ಒತ್ತಿ ತುಂಬಿದ ನೈಸರ್ಗಿಕ ಗ್ಯಾಸ್) ಹಾಕಿಕೊಂಡು ಬರುವ ಕಾರು, ಇಲ್ಲ ಅಂದರೆ ಎಲೆಕ್ಟ್ರಿಕ್, ಅಂದರೆ ಇವಿ.

ನನ್ನ ಓಡಾಟ ಹೀಗಿದೆ. ಮನೆ ನೆಲಮಂಗಲದಲ್ಲಿ, ಕೆಲಸ ಪೀಣ್ಯ ಎರಡನೇ ಹಂತದಲ್ಲಿ. ಹೋಗಿ ಬಂದು, ಮಗಳ ಸ್ಕೂಲು, ತರಕಾರಿ ಎಲ್ಲ ಸೇರಿ ದಿನಕ್ಕೆ ಸುಮಾರು 50 ಕಿ.ಮೀ. ತಿಂಗಳಿಗೊಮ್ಮೆ ಊರಿಗೆ ಹೋಗಬೇಕು, ಪುತ್ತೂರು, ಶಿರಾಡಿ ಘಾಟಿ ಮೇಲೆ, ಒಂದು ಕಡೆಗೆ ಸುಮಾರು 300 ಕಿ.ಮೀ. ನಾವು ಮೂರು ಜನ, ಕೆಲವೊಮ್ಮೆ ಅಪ್ಪ ಅಮ್ಮನೂ ಇರುತ್ತಾರೆ. ಬಜೆಟ್ ಹತ್ತು ಲಕ್ಷದ ಆಸುಪಾಸು, ತುಂಬಾ ಇಷ್ಟ ಆದರೆ ಒಂದೆರಡು ಲಕ್ಷ ಎಳೆಯಬಹುದು. ವ್ಯಾಗನ್‌ಆರ್ ಸಿಎನ್‌ಜಿ, ಪಂಚ್ ಸಿಎನ್‌ಜಿ, ಟಿಯಾಗೊ ಇವಿ, ಪಂಚ್ ಇವಿ ಇಷ್ಟು ನೋಡಿಟ್ಟಿದ್ದೇನೆ.

ಮನೆ ಬಾಡಿಗೆದು. ಕೆಳಗಡೆ ಮಾಲೀಕರು, ಮೇಲೆ ನಾವು. ಗೇಟಿನ ಒಳಗೆ ಕಾರು ನಿಲ್ಲಿಸಲು ಜಾಗ ಇದೆ. ಗೃಹಜ್ಯೋತಿಯಲ್ಲಿ (ತಿಂಗಳಿಗೆ 200 ಯೂನಿಟ್ ಮೀರದ ಮನೆಗಳಿಗೆ ಸರ್ಕಾರದ ಉಚಿತ ಕರೆಂಟ್) ಈಗ ಸೊನ್ನೆ ಬಿಲ್ ಬರುತ್ತಿದೆ.

ನಮ್ಮ ಮಾವನ ವಾದ ಏನು ಅಂದರೆ, ಗ್ಯಾಸ್ ನಮ್ಮ ದೇಶದ್ದು, ಪೆಟ್ರೋಲ್ ತರ ಹೊರಗಿಂದ ತರುವುದಲ್ಲ, ಹೊಗೆಯೂ ಇಲ್ಲ, ಕರೆಂಟ್ ಅಂದರೆ ಎಲ್ಲಾ ಕಲ್ಲಿದ್ದಲೇ ಅಲ್ವಾ ಅಂತ. ಆಫೀಸಿನಲ್ಲಿ ಇಬ್ಬರು ಇವಿ ಇಟ್ಟವರು ಇದ್ದಾರೆ, ಅವರ ಹತ್ತಿರ ಕೇಳಿದರೆ ಸಿಎನ್‌ಜಿ ಹೆಸರೇ ಎತ್ತಬೇಡ ಅನ್ನುತ್ತಾರೆ. ಯಾರನ್ನು ಕೇಳಿದರೂ ಅವರವರು ತಗೊಂಡಿದ್ದೇ ಸರಿ. ಎರಡನ್ನೂ ಕಂಡವರು, ಇಲ್ಲ ಲೆಕ್ಕ ಹಾಕಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಯೂಟ್ಯೂಬ್ ಲಿಂಕ್ ಬೇಡ, ಅದು ಸಾಕಷ್ಟು ಆಗಿದೆ.

ಹಳದಿ_ಬೋರ್ಡ್:

ಸಾರ್, ನಾನು ಸಿಎನ್‌ಜಿ ವ್ಯಾಗನ್‌ಆರ್ ಓಡಿಸುವವನು, ಟ್ಯಾಕ್ಸಿ. ಹೊಟ್ಟೆಪಾಡು ಅದರಲ್ಲೇ ನಡೆಯುತ್ತಿದೆ, ಹಾಗಾಗಿ ಬೈಯುವುದಿಲ್ಲ. ಆದರೆ ಶೋರೂಮಿನಲ್ಲಿ ಹೇಳದ ನಾಲ್ಕು ಮಾತು ಹೇಳುತ್ತೇನೆ.

ಮೊದಲು ಮೈಲೇಜ್. ಪೇಪರಿನಲ್ಲಿ ಕೆಜಿಗೆ 34 ಅಂತ ಇರುತ್ತದೆ. ತುಮಕೂರು ರಸ್ತೆಯಲ್ಲಿ ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ ಅಂತ ತೆವಳಿಕೊಂಡು ಎಸಿ ಹಾಕಿ ಓಡಿಸಿದರೆ 24–26 ಅಂತ ಇಟ್ಟುಕೊಳ್ಳಿ. ಹೈವೇಯಲ್ಲಿ 80ರಲ್ಲಿ ಹೋದರೆ 30 ಮೇಲೆ ಕೊಡುತ್ತದೆ. ಸಿಲಿಂಡರ್ 60 ಲೀಟರ್ ಅಂತ ಬರೆದಿರುತ್ತಾರೆ, ಅದು ನೀರು ತುಂಬಿಸಿದರೆ ಎಷ್ಟು ಹಿಡಿಯುತ್ತದೆ ಅನ್ನುವ ಲೆಕ್ಕ. ಗ್ಯಾಸ್ ಹಿಡಿಯುವುದು ಎಂಟು ಒಂಬತ್ತು ಕೆಜಿ, ಅದೂ ಪ್ರೆಷರ್ ಚೆನ್ನಾಗಿದ್ದರೆ.

ಈ ಪ್ರೆಷರ್ ವಿಷಯ ಯಾರೂ ಹೇಳುವುದಿಲ್ಲ. ಗಾಡಿಗೆ 200 ಬಾರ್ ತನಕ ತುಂಬಬೇಕು. ಪೈಪ್‌ಲೈನ್ ನೇರವಾಗಿ ಬಂದಿರುವ ಬಂಕ್ ಆದರೆ ತೊಂದರೆ ಇಲ್ಲ, ಅಲ್ಲೇ ಕಂಪ್ರೆಸರ್ ಇರುತ್ತದೆ. ಪೈಪ್ ಇಲ್ಲದ ಬಂಕ್‌ಗೆ ಲಾರಿಯಲ್ಲಿ ಸಿಲಿಂಡರ್ ಸಾಲು ತಂದು ನಿಲ್ಲಿಸುತ್ತಾರೆ, ಕ್ಯಾಸ್ಕೇಡ್ ಅನ್ನುತ್ತಾರೆ. ಅದು ಖಾಲಿ ಆಗುತ್ತಾ ಬಂದ ಹಾಗೆ ಪ್ರೆಷರ್ ಇಳಿಯುತ್ತದೆ. ಸಂಜೆ ಆಟೋ, ಟ್ಯಾಕ್ಸಿ, ಗೂಡ್ಸ್ ಗಾಡಿ ಎಲ್ಲ ಬಂದು ನಿಂತ ಮೇಲೆ ನಿಮ್ಮ ಸರದಿ ಬಂದಾಗ ಐದು ಕೆಜಿ ಹಿಡಿದು ಮೀಟರ್ ನಿಂತುಬಿಡುತ್ತದೆ. ಬೇಸಿಗೆಯಲ್ಲಿ ಇನ್ನೂ ಕಡಿಮೆ. ಬೆಳಿಗ್ಗೆ ಆರು ಗಂಟೆಗೆ ಹೋಗಿ ತುಂಬಿಸುವ ಅಭ್ಯಾಸ ಇದ್ದವರಿಗೆ ಇದು ಗೊತ್ತೇ ಆಗುವುದಿಲ್ಲ. ಆಫೀಸ್ ಬಿಟ್ಟು ಬರುವಾಗ ಹಾಕಿಸುತ್ತೇನೆ ಅನ್ನುವವರಿಗೆ ದಿನಾ ತಲೆನೋವು. ತುಂಬಿಸುವಾಗ ಗಾಡಿಯಿಂದ ಎಲ್ಲರೂ ಇಳಿಯಬೇಕು, ಮಳೆ ಬರಲಿ, ಮಗು ಮಲಗಿರಲಿ.

ಡಿಕ್ಕಿ. ವ್ಯಾಗನ್‌ಆರ್‌ನಲ್ಲಿ ಸಿಲಿಂಡರ್ ಡಿಕ್ಕಿಯನ್ನೇ ತಿಂದುಬಿಡುತ್ತದೆ. ಊರಿಂದ ಬರುವಾಗ ತೆಂಗಿನಕಾಯಿ, ಹಲಸಿನಹಣ್ಣು ಅಂತ ತರುವವರಿಗೆ ಇದು ದೊಡ್ಡ ವಿಷಯ ಸಾರ್. ಟಾಟಾದವರು 2023ರಿಂದ ಎರಡು ಸಣ್ಣ ಸಿಲಿಂಡರ್ ಮಾಡಿ ಡಿಕ್ಕಿಯ ತಳದಲ್ಲಿ ಕೂರಿಸುತ್ತಿದ್ದಾರೆ, ಪಂಚ್ ನೋಡುತ್ತಿದ್ದೀರಲ್ಲ, ಅದರಲ್ಲಿ ಜಾಗ ಸಿಗುತ್ತದೆ.

ಘಾಟಿಯಲ್ಲಿ ಗ್ಯಾಸ್ ಮೇಲೆ ಎಳೆತ ಕಮ್ಮಿ. ಐದು ಜನ ಕೂತು ಶಿರಾಡಿ ಹತ್ತುವಾಗ ಮುಂದೆ ಒಂದು ಟ್ಯಾಂಕರ್ ಇದ್ದರೆ ಓವರ್‌ಟೇಕ್ ಮಾಡುವ ಯೋಚನೆ ಬಿಡಿ, ಎರಡನೇ ಗೇರಿನಲ್ಲಿ ಹಿಂದೆ ಹಿಂದೆ ಹೋಗಿ. ನಾನು ಘಾಟಿ ಬಂದರೆ ಬಟನ್ ಒತ್ತಿ ಪೆಟ್ರೋಲಿಗೆ ಹಾಕಿಕೊಳ್ಳುತ್ತೇನೆ.

ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಹೈಡ್ರೋ ಟೆಸ್ಟ್ (ನೀರಿನ ಒತ್ತಡ ಹಾಕಿ ನೋಡುವ ಪರೀಕ್ಷೆ) ಮಾಡಿಸಲೇಬೇಕು. ಪ್ಲೇಟಿನಲ್ಲಿ ದಿನಾಂಕ ಮುಗಿದಿದ್ದರೆ ಬಂಕಿನಲ್ಲಿ ಗ್ಯಾಸ್ ಹಾಕುವುದಿಲ್ಲ. ಹಾಕಬಾರದು ಕೂಡ.

ಇಷ್ಟು ಹೇಳಿದ ಮೇಲೂ ಒಂದು ಮಾತು. ಗ್ಯಾಸ್ ಮುಗಿದರೆ ಪೆಟ್ರೋಲ್ ಇದೆ. ರಾತ್ರಿ ಎರಡು ಗಂಟೆಗೆ ಊರಿಂದ ಫೋನ್ ಬಂದರೂ ಕೀ ಹಾಕಿ ಹೊರಡಬಹುದು. ಆ ಧೈರ್ಯಕ್ಕೆ ಬೆಲೆ ಇದೆ. ಮತ್ತೆ ದಯವಿಟ್ಟು ನಿಮ್ಮ ಹಳೇ ಕಾರಿಗೆ ಹೊರಗಡೆ ಕಿಟ್ ಹಾಕಿಸುವ ಯೋಚನೆ ಮಾಡಬೇಡಿ, ಆರ್‌ಸಿಯಲ್ಲಿ ಸೇರಿಸುವುದರಿಂದ ಹಿಡಿದು ಇನ್ಶೂರೆನ್ಸ್ ತನಕ ಎಲ್ಲಾ ಗೋಳು.

ಮೂರನೇ_ಮಹಡಿ:

ಇವಿ ಇಟ್ಟವಳು ನಾನು, ಟಿಯಾಗೊ, 24 ಕಿಲೋವ್ಯಾಟ್ ಅವರ್ ಬ್ಯಾಟರಿದು, ಅಂದರೆ 24 ಯೂನಿಟ್ ಹಿಡಿಯುತ್ತದೆ. ಹಳದಿ ಬೋರ್ಡ್ ಅಣ್ಣ ಹೇಳಿದ ಹಾಗೆ ನಾನೂ ಕಹಿ ಮೊದಲು ಹೇಳುತ್ತೇನೆ.

ನೀವು ಕೇಳಬೇಕಾದ ಮೊದಲ ಪ್ರಶ್ನೆ ಯಾವ ಕಾರು ಅಂತ ಅಲ್ಲ. ರಾತ್ರಿ ಕಾರು ನಿಲ್ಲುವ ಜಾಗದಲ್ಲಿ 16 ಆಂಪ್ ಪ್ಲಗ್ ಸಿಗುತ್ತದಾ ಅಂತ. ಸಿಕ್ಕರೆ ಇವಿಯಷ್ಟು ಸುಖ ಇನ್ನೊಂದಿಲ್ಲ. ಸಿಗದಿದ್ದರೆ, ಹೊರಗಡೆ ಫಾಸ್ಟ್ ಚಾರ್ಜರ್ ನಂಬಿಕೊಂಡೇ ದಿನ ತಳ್ಳುತ್ತೇನೆ ಅಂದರೆ, ಇವಿ ತಗೊಳ್ಳಬೇಡಿ. ಹೊರಗಡೆ ಯೂನಿಟ್‌ಗೆ 20ರಿಂದ 25 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ. ಆ ರೇಟಿಗೆ ಕಿಲೋಮೀಟರಿಗೆ ಸಿಎನ್‌ಜಿ ಖರ್ಚೇ ಬಂದು ನಿಲ್ಲುತ್ತದೆ, ಜೊತೆಗೆ ಕಾಯುವ ಕರ್ಮ ಬೇರೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನಗೆ ಪ್ಲಗ್ ಸಿಗುವಷ್ಟರಲ್ಲಿ ಸಾಕಾಗಿಹೋಯಿತು. ಬೆಂಕಿ ಹತ್ತಿಕೊಂಡರೆ ಯಾರು ಜವಾಬ್ದಾರಿ, ಕಾಮನ್ ಮೀಟರ್ ಬಿಲ್ ಯಾರು ಕಟ್ಟುತ್ತಾರೆ, ಎಲ್ಲರೂ ಕೇಳಿದರೆ ಏನು ಮಾಡುವುದು, ಹೀಗೆ ಒಂದರ ಮೇಲೊಂದು ಮೀಟಿಂಗ್. ಅದೇ ಪಾರ್ಕಿಂಗ್‌ನಲ್ಲಿ 200 ಬಾರ್ ಪ್ರೆಷರಿನ ಸಿಲಿಂಡರ್ ಹೊತ್ತ ಕಾರುಗಳು ನಿಂತಿವೆ, ಅದರ ಬಗ್ಗೆ ಯಾರಿಗೂ ಚಿಂತೆ ಇಲ್ಲ! ಕೊನೆಗೆ 2024ರ ಫೆಬ್ರವರಿಯಲ್ಲಿ ಕೇಂದ್ರದ ಗ್ರಾಹಕರ ಹಕ್ಕುಗಳ ನಿಯಮಕ್ಕೆ ಮಾಡಿದ ತಿದ್ದುಪಡಿ ತೋರಿಸಿದೆ. ಗಾಡಿ ಚಾರ್ಜಿಂಗ್‌ಗೆ ಬೇರೆ ಕರೆಂಟ್ ಕನೆಕ್ಷನ್ ಕೇಳುವ ಹಕ್ಕು ಅದರಲ್ಲಿದೆ. ಆಮೇಲೆ ಸುಮ್ಮನಾದರು.

ನಿಮ್ಮ ಗೃಹಜ್ಯೋತಿ ಹೋಗುತ್ತದೆ, ಇದನ್ನು ಈಗಲೇ ತಲೆಯಲ್ಲಿ ಇಟ್ಟುಕೊಳ್ಳಿ. ದಿನಕ್ಕೆ 50 ಕಿ.ಮೀ ಅಂದರೆ ಪ್ಲಗ್‌ನಿಂದ ಸುಮಾರು ಎಂಟು ಯೂನಿಟ್ ಎಳೆಯುತ್ತದೆ. ತಿಂಗಳಿಗೆ ಹತ್ತಿರ ಹತ್ತಿರ 200 ಯೂನಿಟ್ ಕಾರಿಗೇ ಆಯಿತು. ಮನೆಯದೂ ಸೇರಿದರೆ 200 ದಾಟುತ್ತದೆ. ದಾಟಿದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಇದನ್ನು ಲೆಕ್ಕಕ್ಕೆ ಹಿಡಿಯದೆ ಎಲ್ಲರೂ ಕಿಲೋಮೀಟರಿಗೆ ಒಂದು ರೂಪಾಯಿ ಅಂತ ಹೇಳಿಕೊಂಡು ತಿರುಗುತ್ತಾರೆ. ಕಾರಿಗೆ ಬೇರೆ ಮೀಟರ್ ಹಾಕಿಸಿದರೆ ಮನೆಯ ಸೊನ್ನೆ ಬಿಲ್ ಉಳಿಯುತ್ತದೆ, ಅದಕ್ಕೆ ಮಾಲೀಕರು ಒಪ್ಪಬೇಕು.

ಇನ್ನೆರಡು ಸಣ್ಣ ವಿಷಯ. ಒಂದು, ಅರ್ಥಿಂಗ್. ಹಳೇ ಮನೆಗಳಲ್ಲಿ ಅರ್ಥಿಂಗ್ ಸರಿ ಇರುವುದಿಲ್ಲ, ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನೆ ಕೂರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಮೊದಲೇ ನೋಡಿಸಿ. ಎರಡು, ಮನೆಗೆ ಮಂಜೂರಾದ ಲೋಡ್ ಎಷ್ಟು ಅಂತ ಬಿಲ್‌ನಲ್ಲಿ ನೋಡಿ. ಚಾರ್ಜರ್ ಒಂದೇ ಮೂರು ಕಿಲೋವ್ಯಾಟ್ ಎಳೆಯುತ್ತದೆ. ಕೆಳಗಡೆ ಮಾಲೀಕರು ಗೀಸರ್ ಹಾಕಿದಾಗ ಟ್ರಿಪ್ ಆದರೆ ಬೆಳಿಗ್ಗೆ ಬೆಳಿಗ್ಗೆ ಜಗಳ.

ಸಿಹಿ ಏನು ಅಂದರೆ, ಟ್ರಾಫಿಕ್. ಗೊರಗುಂಟೆಪಾಳ್ಯದಲ್ಲಿ ಅರ್ಧ ಗಂಟೆ ನಿಂತರೂ ಎಂಜಿನ್ ಉರಿಯುವುದಿಲ್ಲ, ಕ್ಲಚ್ ತುಳಿಯುವುದಿಲ್ಲ, ಎಸಿಗೆ ಸ್ವಲ್ಪ ಕರೆಂಟ್ ಹೋಗುತ್ತದೆ ಅಷ್ಟೇ. ಬಂಕಿಗೆ ಹೋಗುವುದು ಗಾಳಿ ಹಿಡಿಸಲು ಮಾತ್ರ.

ಕಿಲೋವ್ಯಾಟ್:

ಮಾವನವರ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಪ್ರಯತ್ನ ಮಾಡುತ್ತೇನೆ. ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ.

ಗ್ಯಾಸ್ ಪೂರ್ತಿ ನಮ್ಮದಲ್ಲ. ದೇಶ ಬಳಸುವ ಗ್ಯಾಸಿನಲ್ಲಿ ಸುಮಾರು ಅರ್ಧ ಹಡಗಿನಲ್ಲಿ ಬರುತ್ತದೆ, ಮೈನಸ್ 160 ಡಿಗ್ರಿಗೆ ತಣ್ಣಗೆ ಮಾಡಿ ದ್ರವವಾಗಿಸಿ ತರುತ್ತಾರೆ. ಅದರಲ್ಲಿ ದೊಡ್ಡ ಪಾಲು ಕತಾರ್‌ನದು, 2024ರಲ್ಲಿ ಪೆಟ್ರೋನೆಟ್ ಕಂಪನಿ ವರ್ಷಕ್ಕೆ 75 ಲಕ್ಷ ಟನ್ ತರುವ ಒಪ್ಪಂದವನ್ನು 2048ರ ತನಕ ಮುಂದುವರಿಸಿತು. ಕತಾರ್‌ನ ಹಡಗು ಹಾರ್ಮುಜ್ ಜಲಸಂಧಿ (ಕೊಲ್ಲಿಯಿಂದ ಹೊರಬರುವ ಕಿರಿದಾದ ಸಮುದ್ರದಾರಿ) ದಾಟಿಯೇ ಬರಬೇಕು, ಪೆಟ್ರೋಲಿನ ಕಥೆಯೂ ಅಲ್ಲೇ ಇದೆ. ಬೆಂಗಳೂರಿಗೆ ಗ್ಯಾಸ್ ಬರುವುದು ಮಹಾರಾಷ್ಟ್ರದ ದಾಭೋಲ್‌ನಿಂದ ಸಾವಿರ ಕಿ.ಮೀ ಪೈಪ್‌ಲೈನ್‌ನಲ್ಲಿ, 2013ರಿಂದ. ಉಕ್ರೇನ್ ಯುದ್ಧ ಶುರುವಾದ 2022ರಲ್ಲಿ ಸಿಎನ್‌ಜಿ ಬೆಲೆ ಹೇಗೆ ಏರಿತು ಅಂತ ಹಳದಿ ಬೋರ್ಡ್ ಅವರಿಗೆ ನೆನಪಿರುತ್ತದೆ. 2024ರ ಕೊನೆಯಲ್ಲಿ ಸರ್ಕಾರ ನಗರ ಗ್ಯಾಸ್ ಕಂಪನಿಗಳಿಗೆ ಕೊಡುತ್ತಿದ್ದ ಅಗ್ಗದ ದೇಶಿ ಗ್ಯಾಸ್ ಪಾಲನ್ನೂ ಕಡಿತ ಮಾಡಿತು. ಅಂದರೆ ಸಿಎನ್‌ಜಿ ಯಾವಾಗಲೂ ಅಗ್ಗ ಅನ್ನುವ ಗ್ಯಾರಂಟಿ ಇಲ್ಲ.

ಕರೆಂಟ್ ಕಲ್ಲಿದ್ದಲು ಅನ್ನುವುದು ದೇಶದ ಮಟ್ಟದಲ್ಲಿ ನಿಜ, ಮುಕ್ಕಾಲಿನ ಹತ್ತಿರ. ಲೆಕ್ಕ ಹಾಕೋಣ. ಸಿಎನ್‌ಜಿಯಲ್ಲಿ ಹೆಚ್ಚಾಗಿ ಇರುವುದು ಮೀಥೇನ್, ಒಂದು ಕೆಜಿ ಮೀಥೇನ್ ಉರಿದರೆ 2.75 ಕೆಜಿ ಇಂಗಾಲದ ಡೈಆಕ್ಸೈಡ್. ಕೆಜಿಗೆ 25 ಕಿ.ಮೀ ಅಂದರೆ ಕಿಲೋಮೀಟರಿಗೆ 110 ಗ್ರಾಂ. ಇವಿ ಕಡೆ, ಕೇಂದ್ರ ವಿದ್ಯುತ್ ಪ್ರಾಧಿಕಾರದ 2023–24ರ ಲೆಕ್ಕದಲ್ಲಿ ಒಂದು ಯೂನಿಟ್‌ಗೆ ಸರಾಸರಿ 0.727 ಕೆಜಿ. ಪ್ಲಗ್‌ನಿಂದ ಯೂನಿಟ್‌ಗೆ ಆರೂಕಾಲು ಕಿ.ಮೀ ಹಿಡಿದರೆ ಸುಮಾರು 116 ಗ್ರಾಂ. ನೋಡಿ, ಸಮ ಸಮ! ಇವಿಯವರು ಕೇಳಲು ಇಷ್ಟಪಡದ ಸಂಖ್ಯೆ ಇದು. ಸಣ್ಣ ಪೆಟ್ರೋಲ್ ಕಾರು ಇದೇ ಟ್ರಾಫಿಕ್‌ನಲ್ಲಿ 140 ದಾಟುತ್ತದೆ.

ಆದರೆ ಎರಡು ಕಡೆಯೂ ಸೇರಿಸಬೇಕಾದ್ದು ಇದೆ. ಕರೆಂಟಿಗೆ ಲೈನ್ ನಷ್ಟ, ಬ್ಯಾಟರಿ ತಯಾರಿಸಿದ ಖರ್ಚು. ಗ್ಯಾಸಿಗೆ ತಣ್ಣಗೆ ಮಾಡುವ, ಒತ್ತುವ ಶಕ್ತಿ, ಮತ್ತೆ ಸೋರಿಕೆ. ಉರಿಯದೆ ಸೋರಿಹೋದ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 28 ಪಟ್ಟು ಶಾಖ ಹಿಡಿಯುತ್ತದೆ, ಇಪ್ಪತ್ತು ವರ್ಷದ ಲೆಕ್ಕದಲ್ಲಿ 80 ಪಟ್ಟು. ನೂರಕ್ಕೆ ಎರಡು ಮೂರರಷ್ಟು ಸೋರಿದರೂ ಗ್ಯಾಸಿನ ಲಾಭ ಹೋಯಿತು.

ಕರ್ನಾಟಕದ್ದು ದೇಶದ ಸರಾಸರಿಗಿಂತ ಬೇರೆ. ಶರಾವತಿ 1,035 ಮೆಗಾವ್ಯಾಟ್, ಪಾವಗಡದ ಸೋಲಾರ್ 2,050, ಕೈಗಾ 880, ಚಿತ್ರದುರ್ಗ ಗದಗದ ಗಾಳಿ. ಹಗಲು ಚಾರ್ಜ್ ಮಾಡಿದರೆ ನಿಮ್ಮ ಕಾರಿಗೆ ಬಿಸಿಲಿನ ಕರೆಂಟ್ ಹೆಚ್ಚು ಸಿಗುತ್ತದೆ, ರಾತ್ರಿ ಮಾಡಿದರೆ ರಾಯಚೂರು ಬಳ್ಳಾರಿಯ ಕಲ್ಲಿದ್ದಲು ಸ್ಥಾವರದ್ದು ಹೆಚ್ಚು. ಪೀಣ್ಯದ ಆಫೀಸಿನಲ್ಲಿ ಪ್ಲಗ್ ಕೇಳಿ ನೋಡಿ, ಫ್ಯಾಕ್ಟರಿ ಚಾವಣಿ ಮೇಲೆ ಸೋಲಾರ್ ಹಾಕಿದವರು ಅಲ್ಲಿ ಬೇಕಾದಷ್ಟು ಇದ್ದಾರೆ. ಇವತ್ತು ತಗೊಂಡ ಸಿಎನ್‌ಜಿ ಕಾರು ಹತ್ತು ವರ್ಷ ಆದ ಮೇಲೂ ಅಷ್ಟೇ ಹೊಗೆ ಬಿಡುತ್ತದೆ. ಇವಿಯ ಲೆಕ್ಕದ ಹೊಗೆ ಮಾತ್ರ ಗ್ರಿಡ್‌ಗೆ (ವಿದ್ಯುತ್ ಜಾಲಕ್ಕೆ) ಸೋಲಾರ್, ಗಾಳಿ ಕರೆಂಟ್ ಹೆಚ್ಚು ಸೇರಿದ ಹಾಗೆ ಇಳಿಯುತ್ತಾ ಹೋಗುತ್ತದೆ.

ನನಗೆ ಎಲ್ಲಕ್ಕಿಂತ ಮಜಾ ಅನ್ನಿಸುವ ಲೆಕ್ಕ ಇನ್ನೊಂದಿದೆ. ಯಲಹಂಕದಲ್ಲಿ 370 ಮೆಗಾವ್ಯಾಟ್‌ನ ಗ್ಯಾಸ್ ವಿದ್ಯುತ್ ಸ್ಥಾವರ ಇದೆ, 2024ರಲ್ಲಿ ಉದ್ಘಾಟನೆ ಆಯಿತು. ಒಂದು ಕೆಜಿ ಗ್ಯಾಸಿನಲ್ಲಿ ಸುಮಾರು 13 ಯೂನಿಟ್‌ನಷ್ಟು ಶಕ್ತಿ ಇದೆ. ನಿಮ್ಮ ಕಾರಿನ ಎಂಜಿನ್ ಅದರಲ್ಲಿ ಕಾಲು ಭಾಗವನ್ನಷ್ಟೇ ಚಕ್ರಕ್ಕೆ ಕೊಟ್ಟು 25 ಕಿ.ಮೀ ಓಡಿಸುತ್ತದೆ, ಉಳಿದದ್ದು ಶಾಖವಾಗಿ ರೇಡಿಯೇಟರ್, ಸೈಲೆನ್ಸರ್ ಕಡೆ ಹೋಯಿತು. ಇಂಥ ಸ್ಥಾವರದಲ್ಲಿ ಅರ್ಧದಷ್ಟು ಕರೆಂಟ್ ಆಗುತ್ತದೆ. ಲೈನ್, ಚಾರ್ಜರ್ ನಷ್ಟ ಎಲ್ಲ ಕಳೆದರೂ ಬ್ಯಾಟರಿಗೆ ಐದು ಯೂನಿಟ್ ಸೇರುತ್ತದೆ, 35 ಕಿ.ಮೀ ಓಡಬಹುದು. ಅದೇ ಗ್ಯಾಸ್, ಹತ್ತು ಕಿ.ಮೀ ಜಾಸ್ತಿ.

ಸ್ಟವಾಂಗರ್_ಕನ್ನಡಿಗ:

ಗ್ಯಾಸನ್ನು ಕಾರಿಗೆ ಹಾಕದೆ ಕರೆಂಟಿನಲ್ಲಿ ಓಡಿಸುವುದನ್ನು ನಾನಿರುವ ನಾರ್ವೆಯಲ್ಲಿ ದೇಶದ ಮಟ್ಟದಲ್ಲೇ ಮಾಡಿದ್ದಾರೆ. ಸಮುದ್ರದಿಂದ ಗ್ಯಾಸ್ ತೆಗೆದು ಪೈಪಿನಲ್ಲಿ ಯುರೋಪಿಗೆ ಮಾರುತ್ತಾರೆ, ತಾವು ಮಾತ್ರ ಜಲವಿದ್ಯುತ್ತಿನಲ್ಲಿ ಕಾರು ಓಡಿಸುತ್ತಾರೆ. 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತರ ಹತ್ತಿರ ಎಲೆಕ್ಟ್ರಿಕ್. ಮೈನಸ್ ಹತ್ತು ಡಿಗ್ರಿಯಲ್ಲಿ ರೇಂಜ್ (ಒಂದು ಚಾರ್ಜಿಗೆ ಓಡುವ ದೂರ) ಕಡಿಮೆ ಆಗುತ್ತದೆ, ಆದರೂ ಜನ ಬಿಟ್ಟಿಲ್ಲ.

ಹಳದಿ_ಬೋರ್ಡ್:

ನಾರ್ವೆ ಕಥೆ ಚೆನ್ನಾಗಿದೆ ಸಾರ್, ಆದರೆ ಪಾಪ ಅವರು ಕೇಳಿದ್ದು ನೆಲಮಂಗಲದ್ದು. 2022ರ ರೇಟ್ ನೆನಪಿಲ್ಲದೆ ಏನು, ಪ್ರಯಾಣಿಕರಿಗೆ ರೇಟ್ ಏರಲಿಲ್ಲ, ನಮಗೆ ಮಾತ್ರ ಏರಿತು.

ಪುತ್ತೂರು_ನೆಲಮಂಗಲ:

ಇಷ್ಟೊಂದು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಗೃಹಜ್ಯೋತಿ ವಿಷಯ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಮಾವನಿಗೆ ಹಾರ್ಮುಜ್ ಕಥೆ ಹೇಳಿದೆ, ಈಗ ಕರೆಂಟ್ ಪದೇ ಪದೇ ಹೋಗುತ್ತದಲ್ಲ ಅಂತ ಹೊಸ ವಾದ ಹಿಡಿದಿದ್ದಾರೆ.

ಕಿಲೋವ್ಯಾಟ್ ಅವರೇ, ದುಡ್ಡಿನ ಲೆಕ್ಕವನ್ನೂ ಒಂದು ಸಲ ಹಾಕಿಕೊಡುತ್ತೀರಾ? ಹಾಗೇ ಶಿರಾಡಿ ಮೇಲೆ ಇವಿ ಓಡಿಸಿದವರು ಯಾರಾದರೂ ಇದ್ದರೆ ಹೇಳಿ. ಘಾಟಿ ಹತ್ತುವಾಗ ಬ್ಯಾಟರಿ ಸರ್ರನೆ ಇಳಿಯುತ್ತದೆ ಅಂತ ಕೇಳಿದ್ದೇನೆ. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿಯಲ್ಲೇ ಗಂಟೆಗಟ್ಟಲೆ ನಿಲ್ಲಬೇಕಾಗಿ ಬಂದರೆ ಏನು ಗತಿ?

ಕಿಲೋವ್ಯಾಟ್:

ತಿಂಗಳಿಗೆ 1,250 ಕಿ.ಮೀ ಊರೊಳಗೆ, 600 ಕಿ.ಮೀ ಪುತ್ತೂರಿಗೆ ಅಂತ ಹಿಡಿಯುತ್ತೇನೆ. ಸಿಎನ್‌ಜಿ ಕೆಜಿಗೆ 90 ರೂಪಾಯಿ ಅಂತ ಇಟ್ಟರೆ ಊರೊಳಗೆ 50 ಕೆಜಿ, ಹೈವೇಗೆ 20 ಕೆಜಿ, ಒಟ್ಟು 6,300. ಗಾಡಿ ಪೆಟ್ರೋಲ್‌ನಲ್ಲೇ ಸ್ಟಾರ್ಟ್ ಆಗುತ್ತದೆ, ಘಾಟಿಗೂ ಸ್ವಲ್ಪ ಬೇಕು, 6,700 ಅನ್ನೋಣ. ಇವಿಗೆ ಮನೆಯಲ್ಲಿ 200 ಯೂನಿಟ್, ತೆರಿಗೆ ಎಲ್ಲ ಸೇರಿ ಏಳು ರೂಪಾಯಿ ಹಿಡಿದರೆ 1,400. ಊರಿಗೆ ಹೋಗಿ ಬರಲು 95 ಯೂನಿಟ್, ಅದರಲ್ಲಿ ಅರ್ಧ ಮನೆಗಳಲ್ಲೇ ತುಂಬಿಸಿಕೊಂಡರೂ ಉಳಿದ ಅರ್ಧ ದುಬಾರಿ ಚಾರ್ಜರ್, ಸುಮಾರು 1,600. ಗೃಹಜ್ಯೋತಿ ಹೋಗಿದ್ದಕ್ಕೆ ಮನೆಯ ಬಿಲ್ 700 ಸೇರಿಸಿ. ಒಟ್ಟು 3,700. ವ್ಯತ್ಯಾಸ ತಿಂಗಳಿಗೆ ಮೂರು ಸಾವಿರ, ವರ್ಷಕ್ಕೆ 36 ಸಾವಿರ. ಸರ್ವಿಸ್ ಖರ್ಚಿನಲ್ಲಿ ಇವಿ ಸ್ವಲ್ಪ ಉಳಿಸುತ್ತದೆ, ಇನ್ಶೂರೆನ್ಸಿನಲ್ಲಿ ಅದನ್ನು ವಾಪಸ್ ಕೊಡುತ್ತದೆ.

ಈಗ ಕಾರಿನ ಬೆಲೆ. ಇವಿಗೆ ಜಿಎಸ್‌ಟಿ 5% ಅಷ್ಟೇ. ಆದರೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್, ಸಿಎನ್‌ಜಿ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು, ಸಿಎನ್‌ಜಿ ಕಡೆ ತಕ್ಕಡಿ ವಾಲಿದ್ದು ಅಲ್ಲಿಂದ. ಒಂದೇ ಗಾತ್ರದ ಕಾರಿನಲ್ಲಿ ಇವಿ ಎರಡರಿಂದ ಮೂರು ಲಕ್ಷ ಜಾಸ್ತಿ ಬೀಳುತ್ತದೆ. ಅಂದರೆ ಹಾಕಿದ ದುಡ್ಡು ವಾಪಸ್ ಬರಲು ಆರರಿಂದ ಎಂಟು ವರ್ಷ. ಬ್ಯಾಟರಿ ವಾರಂಟಿ ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ, ಯಾವುದು ಮೊದಲೋ ಅದು. ರಸ್ತೆ ತೆರಿಗೆ ನಿಯಮ ನಮ್ಮ ರಾಜ್ಯದಲ್ಲಿ ಬದಲಾಗುತ್ತಾ ಇದೆ, ಡೀಲರ್ ಹತ್ತಿರ ಆನ್‌ರೋಡ್ ಬೆಲೆಯನ್ನೇ ಬರೆಸಿಕೊಳ್ಳಿ.

ಮೇಲಿನ ಲೆಕ್ಕದಲ್ಲಿ ಕಾರಿಗೆ ಬೇರೆ ಮೀಟರ್ ಸಿಕ್ಕರೆ 700 ಉಳಿಯಿತು. ಆಫೀಸಿನಲ್ಲಿ ಪುಕ್ಕಟೆ ಪ್ಲಗ್ ಸಿಕ್ಕರೆ ಇವಿ ಕಡೆ ಪೂರ್ತಿ ವಾಲುತ್ತದೆ. ಮನೆಯಲ್ಲಿ ಪ್ಲಗ್ಗೇ ಸಿಗದಿದ್ದರೆ ತಿಂಗಳಿಗೆ ಎಂಟು ಸಾವಿರದ ಹತ್ತಿರ ಬಂದು ಸಿಎನ್‌ಜಿಗಿಂತ ದುಬಾರಿ. ಮೂರನೇ ಮಹಡಿ ಮೇಡಂ ಹೇಳಿದ್ದೇ ಸರಿ, ಪ್ಲಗ್ ಮೇಲೆ ನಿಂತಿದೆ ಎಲ್ಲಾ.

ಕುಡ್ಲ_ಕಾರು:

ಶಿರಾಡಿ ಬಗ್ಗೆ ನಾನು ಹೇಳುತ್ತೇನೆ ಮಾರಾಯ್ರೆ, ಮಂಗಳೂರು–ಬೆಂಗಳೂರು ಇವಿಯಲ್ಲೇ ಹೋಗಿ ಬರುತ್ತೇನೆ, ಸ್ವಲ್ಪ ದೊಡ್ಡ ಬ್ಯಾಟರಿದು.

ಬೆಂಗಳೂರಿಂದ ಇಳಿಯುವಾಗ ಮಜಾ. ಸಕಲೇಶಪುರ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಉಪ್ಪಿನಂಗಡಿ ಹತ್ತಿರ ಹತ್ತಿರ ಸಮುದ್ರಮಟ್ಟದಲ್ಲೇ ಇದೆ. ಮಾರನಹಳ್ಳಿ ದಾಟಿ ಗುಂಡ್ಯಕ್ಕೆ ಇಳಿಯುವಷ್ಟರಲ್ಲಿ ಬ್ಯಾಟರಿ ಇಳಿಯುವ ಬದಲು ಏರಿರುತ್ತದೆ, ಇಳಿಜಾರಿನಲ್ಲಿ ಮೋಟರೇ ಗಾಡಿಯನ್ನು ಹಿಡಿದು ಕರೆಂಟ್ ವಾಪಸ್ ತುಂಬುತ್ತದೆ, ಬ್ರೇಕ್ ತುಳಿಯುವುದೇ ಕಡಿಮೆ. ವಾಪಸ್ ಬರುವಾಗ ಅದನ್ನೆಲ್ಲ ಬಡ್ಡಿ ಸಮೇತ ಕೊಡಬೇಕು. ಆದರೆ ಜನ ಹೆದರಿಸುವಷ್ಟು ಅಲ್ಲ. ಜನ, ಸಾಮಾನು ಸೇರಿ ಒಂದೂವರೆ ಟನ್ ಗಾಡಿ 900 ಮೀಟರ್ ಮೇಲೆ ಹೋಗಲು ಹೆಚ್ಚುವರಿ ಬೇಕಾಗುವುದು ನಾಲ್ಕು ಯೂನಿಟ್ ಆಸುಪಾಸು. 35ರ ಬ್ಯಾಟರಿಗೆ ಅದು ಒಂದು ತುಂಡು. 24ರ ಬ್ಯಾಟರಿಗೆ ಆರನೇ ಒಂದು ಭಾಗ ಹೋಯಿತು ಅಂದ ಹಾಗೆ, ಅಲ್ಲಿ ಬೆವರು ಬರುತ್ತದೆ. ನೀವು ಟಿಯಾಗೊ ತಗೊಂಡರೆ ಪುತ್ತೂರಿಂದ ಫುಲ್ ಮಾಡಿ ಹೊರಟು ಹಾಸನದಲ್ಲಿ ಒಂದು ಸಲ, ಕುಣಿಗಲ್ ಕಡೆ ಇನ್ನೊಂದು ಸಲ ಸ್ವಲ್ಪ ಹಾಕಬೇಕಾಗಬಹುದು. ಪಂಚ್ ಇವಿಯ ದೊಡ್ಡ ಬ್ಯಾಟರಿ ಆದರೆ ಹಾಸನದಲ್ಲಿ ಒಂದೇ ಸಲ ಸಾಕು, ಊಟದ ಹೊತ್ತಿಗೆ ಸರಿಹೋಗುತ್ತದೆ.

ಚಾರ್ಜರ್ ಇರುವುದು ಬೇರೆ, ಕೆಲಸ ಮಾಡುವುದು ಬೇರೆ. ಆ್ಯಪ್‌ನಲ್ಲಿ ಹಸಿರು ತೋರಿಸಿದ ಒಂದು ಹೋಟೆಲ್ ಚಾರ್ಜರ್‌ಗೆ ಹೋದರೆ ಗನ್ನಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಇಟ್ಟಿದ್ದರು. ಕೇಳಿದರೆ ಮೆಕ್ಯಾನಿಕ್ ಬರಬೇಕು ಅಂದರು. ಅದಕ್ಕೆ ಬ್ಯಾಟರಿ 30%ಗೆ ಬರುವ ಮೊದಲೇ ಚಾರ್ಜ್‌ಗೆ ನಿಲ್ಲಿಸುವುದು, ಹತ್ತಿರದಲ್ಲಿ ಇನ್ನೊಂದು ಚಾರ್ಜರ್ ಇರುವ ಊರನ್ನೇ ಆರಿಸಿಕೊಳ್ಳುವುದು. ದೀಪಾವಳಿ, ಕ್ರಿಸ್ಮಸ್ ರಜೆಗೆ ಹೊರಟರೆ ಎಲ್ಲಾ ಕಡೆ ಕ್ಯೂ. ಆ ದಿನಗಳಲ್ಲಿ ನಾನು ರೈಲಿನಲ್ಲಿ ಹೋಗುತ್ತೇನೆ, ಸುಳ್ಳು ಹೇಳುವುದಿಲ್ಲ.

ಗುಡ್ಡ ಕುಸಿದು ನಿಂತರೆ ಇವಿಯೇ ವಾಸಿ. ಎಸಿ ಸಣ್ಣಗೆ ಹಾಕಿಕೊಂಡು ಕೂತರೆ ಗಂಟೆಗೆ ಒಂದು ಯೂನಿಟ್ಟೂ ಹೋಗುವುದಿಲ್ಲ. ತೊಂದರೆ ಆಗುವುದು ಶಿರಾಡಿ ಬಂದ್ ಆಗಿ ಚಾರ್ಮಾಡಿ, ಇಲ್ಲ ಮಡಿಕೇರಿ ಕಡೆಯಿಂದ ಸುತ್ತಿ ಹೋಗಿ ಅಂದಾಗ. ಆಗ ನಿಮ್ಮ ಪ್ಲ್ಯಾನ್ ಪೂರ್ತಿ ಬದಲಾಗುತ್ತದೆ. ಸಿಎನ್‌ಜಿಯವನು ಪೆಟ್ರೋಲಿಗೆ ಹಾಕಿ ಹೋಗಿಬಿಡುತ್ತಾನೆ, ಅದನ್ನು ಒಪ್ಪಲೇಬೇಕು.

ಮತ್ತೆ ನಮ್ಮ ಕಡೆ ಗ್ಯಾಸ್ ಸಿಗುತ್ತದಾ ಅಂದರೆ, ಕೊಚ್ಚಿಯಿಂದ ಮಂಗಳೂರಿಗೆ ಪೈಪ್‌ಲೈನ್ 2021ರಲ್ಲಿ ಉದ್ಘಾಟನೆ ಆಗಿದೆ, ಮಂಗಳೂರಿನಲ್ಲಿ ಬಂಕ್‌ಗಳಿವೆ. ಘಾಟಿ ಮೇಲಿನ ಊರುಗಳಲ್ಲಿ ಎಲ್ಲಿ ಸಿಗುತ್ತದೆ ಅಂತ ಹೊರಡುವ ಮೊದಲೇ ನೋಡಿಕೊಳ್ಳಿ.

ರೇವಾ_ಕಾಲದವನು:

ಬೆಂಗಳೂರಿನವರು ಇವಿಗೆ ಹೊಸಬರಲ್ಲ ಸ್ವಾಮಿ. 2001ರಲ್ಲೇ ಬೊಮ್ಮಸಂದ್ರದಲ್ಲಿ ರೇವಾ ತಯಾರಾಗಿ ಲಂಡನ್ ತನಕ ಹೋಗಿತ್ತು. ಲೆಡ್ ಆಸಿಡ್ ಬ್ಯಾಟರಿ, 80 ಕಿ.ಮೀ ರೇಂಜ್ ಅಂತ ಹೇಳುತ್ತಿದ್ದರು. ಹಿಂದಿನ ಸೀಟಲ್ಲಿ ಮಕ್ಕಳು ಮಾತ್ರ ಕೂರಬಹುದು. ನನ್ನ ಹತ್ತಿರ ಇತ್ತು. ಬ್ಯಾಟರಿ ಸೆಟ್ ಬದಲಿಸುವ ವರ್ಷ ಬಂದಾಗ ಮನೆಯಲ್ಲಿ ದೊಡ್ಡ ಮೌನ. ಈಗಿನ ಲಿಥಿಯಂ ಬ್ಯಾಟರಿಯನ್ನು ಅದಕ್ಕೆ ಹೋಲಿಸಲು ಆಗುವುದಿಲ್ಲ, ಆದರೂ ಒಂದು ಸಲಹೆ. ಹತ್ತು ವರ್ಷ ಇಟ್ಟುಕೊಳ್ಳುವುದಾದರೆ ಮಾತ್ರ ಇವಿ ತಗೊಳ್ಳಿ. ನಾಲ್ಕೈದು ವರ್ಷಕ್ಕೆ ಮಾರುವವರಾದರೆ ಇವತ್ತಿನ ಮಟ್ಟಿಗೆ ಸಿಎನ್‌ಜಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಗಿರಾಕಿ ಬೇಗ ಸಿಗುತ್ತಾನೆ.

ಪುತ್ತೂರು_ನೆಲಮಂಗಲ:

ಮಾಲೀಕರ ಹತ್ತಿರ ಮಾತಾಡಿದೆ. ಬೇರೆ ಮೀಟರ್‌ಗೆ ಒಪ್ಪಿದ್ದಾರೆ, ಅವರ ಮಗನಿಗೂ ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳುವ ಆಸೆ ಇದೆಯಂತೆ, ವೈರಿಂಗ್ ಖರ್ಚು ಮಾತ್ರ ಪೂರ್ತಿ ನನ್ನದು. ಮನೆ ಬಿಡುವಾಗ ಏನು ಮಾಡುವುದು ಅಂತ ಪೇಪರ್ ಮೇಲೆ ಬರೆದುಕೊಡಿ ಅಂದರು. ಅರ್ಥಿಂಗ್ ನೋಡಲು ಎಲೆಕ್ಟ್ರಿಷಿಯನ್ ನಾಳೆ ಬರುತ್ತಾನೆ.

ಭಾನುವಾರ ಪಂಚ್ ಇವಿ, ಪಂಚ್ ಸಿಎನ್‌ಜಿ ಎರಡನ್ನೂ ಒಂದೇ ದಿನ ಓಡಿಸಿ ನೋಡುತ್ತೇನೆ. ಟಿಯಾಗೊ ಪಟ್ಟಿಯಿಂದ ತೆಗೆದೆ, 24ರ ಬ್ಯಾಟರಿ ಶಿರಾಡಿಗೆ ಧೈರ್ಯ ಕೊಡಲಿಲ್ಲ. ಟೆಸ್ಟ್ ಡ್ರೈವ್‌ನಲ್ಲಿ ಏನೇನು ನೋಡಬೇಕು?

ಮೂರನೇ_ಮಹಡಿ:

ಮೀಟರ್ ಅರ್ಜಿಯನ್ನು ಕಾರು ಬುಕ್ ಮಾಡುವ ಮೊದಲೇ ಹಾಕಿ. ಕಾರು ಬಂದು ಮೀಟರ್ ಬಾರದೆ ಇದ್ದರೆ ಗೃಹಜ್ಯೋತಿಗೂ ಎಳ್ಳುನೀರು.

ಟೆಸ್ಟ್ ಡ್ರೈವ್‌ಗೆ ಎಸಿ ಹಾಕಿ ಓಡಿಸಿ, ಕೊನೆಗೆ ಸ್ಕ್ರೀನಿನಲ್ಲಿ ಯೂನಿಟ್‌ಗೆ ಎಷ್ಟು ಕಿ.ಮೀ ಬಂತು ಅಂತ ನೋಡಿ. ಸ್ಟೆಪ್ನಿ ಇದೆಯಾ ಅಂತ ಎರಡರಲ್ಲೂ ಕೇಳಿ, ಕೆಲವು ಕಾರುಗಳಲ್ಲಿ ಪಂಕ್ಚರ್ ಕಿಟ್ ಮಾತ್ರ ಕೊಡುತ್ತಾರೆ, ಘಾಟಿ ಮಧ್ಯೆ ಟೈರ್ ಹರಿದರೆ ಅದು ಉಪಯೋಗಕ್ಕೆ ಬರುವುದಿಲ್ಲ. ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ ಹಿಂದೆ ಕೂರಿಸಿ. ಬ್ಯಾಟರಿ ಕೆಳಗಿರುವುದರಿಂದ ಕೆಲವು ಇವಿಗಳಲ್ಲಿ ನೆಲ ಎತ್ತರ ಇರುತ್ತದೆ, ಮಂಡಿ ಮೇಲೆ ಬರುತ್ತದೆ. ಐದು ನಿಮಿಷಕ್ಕೆ ಗೊತ್ತಾಗುವುದಿಲ್ಲ, ಅರ್ಧ ಗಂಟೆ ಕೂತಿರಲಿ, ಮಂಡಿ ನೋವು ಇರುವವರು ತಾವೇ ಹೇಳುತ್ತಾರೆ.